ಇಳಿಜಾರಿನಲ್ಲಿ, ಗಡಿಯ ಮಗ್ಗುಲಲ್ಲಿ ಗ್ಯಾರೇಜು

ಎಲ್ಲರಿಗೂ ನಮಸ್ಕಾರ.

ಸಮತಟ್ಟು ನೆಲದಲ್ಲಿ ಗ್ಯಾರೇಜು ಅಂದರೆ ಮೂರು ಗೋಡೆ, ಒಂದು ಶಟರ್, ಮೇಲೊಂದು ಚಾವಣಿ. ಮೇಸ್ತ್ರಿಗೆ ಅಳತೆ ಹೇಳಿದರೆ ಸಾಕು. ಅದನ್ನೇ ಇಳಿಜಾರಿಗೆ ತಂದು ಪಕ್ಕದವರ ಗಡಿಗೆ ಒತ್ತಿ ನಿಲ್ಲಿಸಿ ನೋಡಿ: ಅರ್ಧ ಪಾಲು ತಡೆಗೋಡೆಯ ಕೆಲಸವಾಗುತ್ತದೆ, ಕಾಲು ಪಾಲು ನೀರಿನ ಕೆಲಸವಾಗುತ್ತದೆ. ಕಾರಿಗೆ ಸೇರಿದ್ದು ಉಳಿದ ಕಾಲು ಮಾತ್ರ. ಕೆಲಸ ಕೆಡುವುದು ಹೆಚ್ಚಾಗಿ ಆ ಮೊದಲ ಮುಕ್ಕಾಲಿನಲ್ಲೇ.

ಹಾಗೆ ಕೆಡಲು ಕಾರಣ ಕಾಗದದ ಮೇಲೇ ಇದೆ. ಎಲ್ಲರೂ ಮೊದಲು ಪ್ಲಾನ್ ಬರೆಯುತ್ತಾರೆ. ಮೇಲಿನಿಂದ ನೋಡಿದ ಆ ಚಿತ್ರದಲ್ಲಿ ಗುಡ್ಡವೂ ಚಪ್ಪಟೆ, ಹೊಂಡವೂ ಚಪ್ಪಟೆ. ಗಡಿ ಒಂದು ಗೆರೆ ಅಷ್ಟೆ. ಇಳಿಜಾರಿನಲ್ಲಿ ಮೊದಲು ಬೇಕಾದ್ದು ಸೆಕ್ಷನ್, ಅಂದರೆ ಗಡಿಗೆ ಅಡ್ಡಲಾಗಿ ನೆಲವನ್ನು ಸೀಳಿ ಪಕ್ಕದಿಂದ ನೋಡಿದ ಚಿತ್ರ. ಪಕ್ಕದವರ ನೆಲ ಎಷ್ಟು ಎತ್ತರದಲ್ಲಿದೆ, ನಮ್ಮ ಪಾಯ ಎಷ್ಟು ಆಳಕ್ಕೆ ಹೋಗುತ್ತದೆ, ನಡುವೆ ಎಷ್ಟು ಮಣ್ಣು ಉಳಿಯುತ್ತದೆ ಅನ್ನುವುದು ಅದರಲ್ಲಿ ಮಾತ್ರ ಕಾಣುತ್ತದೆ. ಗ್ಯಾರೇಜಿನ ಮುಂತುದಿ, ನಡು, ಹಿಂತುದಿ, ಹೀಗೆ ಮೂರು ಕಡೆ ಸೀಳಿದ ಮೂರು ಸೆಕ್ಷನ್‌ಗಳಿದ್ದರೆ ಮುಂದಿನ ತಲೆನೋವುಗಳಲ್ಲಿ ಹೆಚ್ಚಿನವು ಪೆನ್ಸಿಲ್ಲಿನಲ್ಲೇ ಮುಗಿದುಹೋಗುತ್ತವೆ.

ಟೇಪು ಹಿಡಿಯುವ ಬಗೆ

ಗಡಿಕಲ್ಲನ್ನು ಹುಡುಕಿ, ಬೇಲಿಯನ್ನು ನಂಬಬೇಡಿ. ಬೇಲಿ ಹಾಕಿದವರು ಬಂಡೆ, ಮರ, ಗುಂಡಿ ತಪ್ಪಿಸಿ ಅನುಕೂಲವಿದ್ದ ಕಡೆ ಕಂಬ ನೆಟ್ಟಿರುತ್ತಾರೆ. ಕಲ್ಲು ಸಿಗದಿದ್ದರೆ ಭೂಮಾಪಕರನ್ನು ಕರೆಸಿ, ಪಕ್ಕದವರ ಎದುರಲ್ಲೇ ಗುರುತು ಹಾಕಿಸಿ.

ಕಲ್ಲು ಸಿಕ್ಕಿತು, ಟೇಪು ಹಿಡಿದರು. ತಪ್ಪು ಶುರುವಾಗುವುದು ಇಲ್ಲೇ. ನಕ್ಷೆಯ ಅಳತೆ ಯಾವಾಗಲೂ ಮಟ್ಟದ ಅಳತೆ; ನೆಲಕ್ಕೆ ತಾಗಿಸಿ ಓರೆಯಾಗಿ ಹಿಡಿದ ಟೇಪಿನ ಅಳತೆ ಬೇರೆ. 4 ಮೀಟರ್ ಹೋದರೆ 1 ಮೀಟರ್ ಇಳಿಯುವ ನೆಲದಲ್ಲಿ ಟೇಪನ್ನು ನೆಲದ ಮೇಲೆ ಮಲಗಿಸಿ 12 ಮೀಟರ್ ಅಳೆದರೆ ಮಟ್ಟದಲ್ಲಿ ಸಿಗುವುದು 11.64 ಮೀಟರ್. 36 ಸೆಂಟಿಮೀಟರ್ ಕಾಣೆ! ಗಡಿಯಿಂದ 1 ಮೀಟರ್ ಬಿಡಬೇಕಾದ ಕಡೆ ಇದು ಮೂರನೇ ಒಂದು ಪಾಲಿಗಿಂತ ಹೆಚ್ಚು. ಹಾಗಾಗಿ ಒಂದೂವರೆ-ಎರಡು ಮೀಟರಿನ ತುಂಡುಗಳಲ್ಲಿ, ಟೇಪನ್ನು ಮಟ್ಟಕ್ಕೆ ಬಿಗಿಹಿಡಿದು, ತುದಿಯಿಂದ ತೂಗುಗುಂಡು ಬಿಟ್ಟು ನೆಲಕ್ಕೆ ಗುರುತು ಇಳಿಸಿಕೊಂಡು, ಮೆಟ್ಟಿಲು ಇಳಿದ ಹಾಗೆ ಅಳೆಯಬೇಕು. ಮೂಲೆಮಟ್ಟಕ್ಕೆ ಬಳಸುವ, 3, 4, 5ರ ಅಳತೆಯ ಮೂರು ಬದಿಗಳ ತ್ರಿಕೋನದ ದಾರಕ್ಕೂ ಇದೇ ನಿಯಮ. ದಾರ ಓರೆಯಾದರೆ ಮೂಲೆ ಚೌಕವಾಗುವುದಿಲ್ಲ.

ಎತ್ತರದ ವ್ಯತ್ಯಾಸಕ್ಕೆ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಒಳಗೆ ಗುಳ್ಳೆ ಉಳಿಯಬಾರದು. ಒಂದೇ ಒಂದು ಗುಳ್ಳೆ ಮಟ್ಟವನ್ನು ತಪ್ಪಿಸುತ್ತದೆ. ಕೆಲಸ ಮುಗಿಯುವವರೆಗೂ ಅಲುಗದ ಒಂದು ಜಾಗವನ್ನು, ಉದಾಹರಣೆಗೆ ಮನೆಯ ಪ್ಲಿಂತಿನ (ನೆಲಗಟ್ಟಿನ) ಅಂಚನ್ನು, 0 ಎಂದು ಇಟ್ಟುಕೊಳ್ಳಿ. ಅಲ್ಲಿಂದ ಪ್ರತಿ 2 ಮೀಟರಿಗೆ ಒಂದರಂತೆ ಮಟ್ಟ ಬರೆದುಕೊಳ್ಳಿ. ಪಕ್ಕದವರನ್ನು ಕೇಳಿ ಅವರ ಕಡೆಯೂ ಮೂರು ಮೀಟರ್ ಒಳಗಿನವರೆಗೆ ತೆಗೆದುಕೊಳ್ಳಿ. ನಮ್ಮ ಗೋಡೆಯ ಮೇಲೆ ಒತ್ತುವುದು ಅವರ ಕಡೆಯ ಮಣ್ಣು ತಾನೇ?

ಗಡಿಯಿಂದ ಎಷ್ಟು ಬಿಡಬೇಕು ಅನ್ನುವುದು ಊರಿಂದೂರಿಗೆ ಬೇರೆ, ಅದನ್ನು ಸ್ಥಳೀಯ ಕಚೇರಿಯಲ್ಲೇ ಕೇಳಬೇಕು. ಕೇಳುವಾಗ ಬರೀ ‘ಎಷ್ಟು ಬಿಡಬೇಕು’ ಎಂದು ಕೇಳಿ ಬಂದರೆ ಸಾಲದು. ಗೋಡೆಯ ಹೊರಮುಖದಿಂದ ಅಳೆಯುತ್ತೀರೋ, ಸೂರಿನ ತುದಿಯಿಂದಲೋ? ಕಟ್ಟಡದ ಎತ್ತರವನ್ನು ಮೂಲ ನೆಲದಿಂದ ಲೆಕ್ಕ ಹಾಕುತ್ತೀರೋ, ಮಣ್ಣು ತುಂಬಿ ಏರಿಸಿದ ನೆಲದಿಂದಲೋ? ತಡೆಗೋಡೆಗೆ ಪ್ರತ್ಯೇಕ ಅನುಮತಿ ಬೇಕೇ? ಗಡಿಯ ಕಡೆಯ ಗೋಡೆಯಲ್ಲಿ ಕಿಟಕಿ ಇಡಬಹುದೇ, ಆ ಗೋಡೆ ಎಷ್ಟು ಹೊತ್ತು ಬೆಂಕಿ ತಡೆಯಬೇಕು? ಎರಡನೆಯ ಪ್ರಶ್ನೆಯನ್ನು ಮರೆಯಲೇಬೇಡಿ. 6.5 ಮೀಟರ್ ಉದ್ದದ ಗ್ಯಾರೇಜು, 5ಕ್ಕೆ 1ರ ಇಳಿಜಾರು ಅಂದರೆ ಎರಡು ತುದಿಗೆ 1.3 ಮೀಟರ್ ವ್ಯತ್ಯಾಸ. ಮೇಲ್ತುದಿಯಲ್ಲಿ 2.7 ಮೀಟರ್ ಎತ್ತರದ ಗೋಡೆ ಕೆಳತುದಿಯಲ್ಲಿ 4 ಮೀಟರ್ ಆಗಿ ನಿಂತಿರುತ್ತದೆ.

ಒಳ ಅಳತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಕಾರಿಗೆ ಒಳಗೆ 3.3 ಮೀಟರ್ ಅಗಲ, 5.8 ಮೀಟರ್ ಉದ್ದ ಇದ್ದರೆ ಎರಡೂ ಕಡೆ ಬಾಗಿಲು ತೆರೆದು ಇಳಿಯಬಹುದು. ಶಟರಿನ ಕಂಡಿ 2.5 ಮೀಟರಿಗಿಂತ ಕಡಿಮೆ ಬೇಡ.

ಧರೆಯ ಲೆಕ್ಕ

ಇವತ್ತಿನ ಮಾತಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಕೊನೆಯ ಸಾಲಿನವರಿಗೂ ಕಾಣುವಂತೆ ಹಲಗೆಯ ಮೇಲೆ ದೊಡ್ಡದಾಗಿ ಬರೆಯುತ್ತೇವೆ.

ಪಕ್ಕದವರ ನೆಲ ಮೇಲಿದೆ, ನಮ್ಮ ಗ್ಯಾರೇಜಿನ ನೆಲ ಅದಕ್ಕಿಂತ 1.5 ಮೀಟರ್ ಕೆಳಗೆ. ನಿಯಮದ ಪ್ರಕಾರ ಗೋಡೆಯನ್ನು ಗಡಿಯಿಂದ 1 ಮೀಟರ್ ಒಳಗೆ ಇಟ್ಟಿದ್ದೇವೆ. ಪ್ಲಾನ್ ನೋಡಿದವರು ಸರಿಯಾಗಿದೆ ಎನ್ನುತ್ತಾರೆ. ಈಗ ಸೆಕ್ಷನ್ ನೋಡೋಣ. ಪಾಯಕ್ಕೆ ಇನ್ನೂ 0.6 ಮೀಟರ್ ಇಳಿಯಬೇಕು, ಒಟ್ಟು ಅಗೆತ 2.1 ಮೀಟರ್. ಪಾಯ ಗೋಡೆಯಿಂದ 0.3 ಮೀಟರ್ ಹೊರಚಾಚುತ್ತದೆ. ಆಳು ನಿಂತು ಹಲಗೆ ಕಟ್ಟಲು, ಕಂಬಿ ಬಿಗಿಯಲು 0.5 ಮೀಟರ್ ಬೇಕು. ಅಲ್ಲಿಂದ ಮೇಲಕ್ಕೆ ಧರೆಯನ್ನು, ಅಂದರೆ ಅಗೆತದ ಪಕ್ಕದಲ್ಲಿ ಎದ್ದು ನಿಲ್ಲುವ ಮಣ್ಣಿನ ಮುಖವನ್ನು, 45 ಡಿಗ್ರಿ ಓರೆಗೆ ಕಡಿದರೆ ಅದಕ್ಕೇ 2.1 ಮೀಟರ್. ಕೂಡಿಸಿದರೆ 2.9 ಮೀಟರ್. ನಮ್ಮ ಹತ್ತಿರ ಇರುವುದು 1 ಮೀಟರ್.

ಉಳಿದ 1.9 ಮೀಟರ್ ಎಲ್ಲಿಂದ ಬರಬೇಕು? ಪಕ್ಕದವರ ಜಮೀನಿನಿಂದಲ್ಲವೇ? ಅದು ಆಗದ ಮಾತು. ಆಗ ಜೆಸಿಬಿಯವರು ನೆಟ್ಟಗೆ ಕಡಿದುಬಿಡುತ್ತಾರೆ. ಬೇಸಿಗೆಯಲ್ಲಿ ಕಡಿದ ಧರೆ ಗೋಡೆಯ ಹಾಗೆ ನಿಂತಿರುತ್ತದೆ, ನೋಡಿದವರಿಗೆ ಧೈರ್ಯ ಬರುತ್ತದೆ. ಅದನ್ನು ಹಿಡಿದು ನಿಲ್ಲಿಸಿರುವುದು ಮಣ್ಣಿನ ಅಲ್ಪ ತೇವದ ಬಿಗುವು. ಬಿಸಿಲಿಗೆ ಪೂರ್ತಿ ಆರಿದರೂ ಅದು ಹೋಗುತ್ತದೆ, ಮಳೆಗೆ ಪೂರ್ತಿ ನೆನೆದರೂ ಹೋಗುತ್ತದೆ. ಮೊದಲು ಮೇಲೆ, ಅಂಚಿನಿಂದ ಅರ್ಧ-ಮುಕ್ಕಾಲು ಮೀಟರ್ ಹಿಂದೆ, ಅಂಚಿಗೆ ಸಮಾನಾಂತರವಾಗಿ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಅದು ಕಂಡ ಕ್ಷಣವೇ ಆಳುಗಳನ್ನು ಮೇಲಕ್ಕೆ ಕರೆಯಬೇಕು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಜರಿದು ಬಿದ್ದರೆ ಎದೆಮಟ್ಟದ ಹೊಂಡದಲ್ಲಿದ್ದವರೂ ಉಳಿಯುವುದು ಕಷ್ಟ.

ಇದಕ್ಕೆ ದಾರಿ ಮೂರು. ಗ್ಯಾರೇಜನ್ನು ಒಳಕ್ಕೆ ಸರಿಸುವುದು ಒಂದು. ನೆಲವನ್ನು ಮೇಲೆತ್ತುವುದು ಇನ್ನೊಂದು: ಪ್ರತಿ 30 ಸೆಂಟಿಮೀಟರ್ ಎತ್ತಿದರೆ ಓರೆ ಕಡಿತಕ್ಕೆ ಬೇಕಾದ ಜಾಗವೂ 30 ಸೆಂಟಿಮೀಟರ್ ಕಡಿಮೆಯಾಗುತ್ತದೆ, ಆದರೆ ಕಾರು ಹತ್ತುವ ಏರು ಕಡಿದಾಗುತ್ತದೆ. ಎರಡೂ ಆಗದಿದ್ದರೆ ಅಂಕಣ ಬಿಟ್ಟು ಅಂಕಣ ಅಗೆಯಬೇಕು. ಗೋಡೆಯ ಉದ್ದವನ್ನು ಸುಮಾರು 1.2 ಮೀಟರಿನ ಅಂಕಣಗಳಾಗಿ ಗುರುತಿಸಿ, ಮೊದಲು 1, 4 ಅಗೆದು, ಆನಿಕೆ ಕೊಟ್ಟು, ಕಂಬಿ ಕಟ್ಟಿ, ಕಾಂಕ್ರೀಟು ಹಾಕಿ, ಅದು ಗಟ್ಟಿಯಾದ ಮೇಲೆ 2, 5, ಆಮೇಲೆ 3. ನಡುವಿನ ಅಗೆಯದ ಮಣ್ಣು ಅಷ್ಟು ದಿನ ಕಂಬದ ಹಾಗೆ ಧರೆಯನ್ನು ಹೊತ್ತಿರುತ್ತದೆ. ಅಡ್ಡಕಂಬಿಗಳನ್ನು ಮುಂದಿನ ಅಂಕಣದೊಳಕ್ಕೆ ವ್ಯಾಸದ 50 ಪಟ್ಟು ಉದ್ದ ಬಿಟ್ಟಿರಬೇಕು, 12 ಮಿಲಿಮೀಟರ್ ಕಂಬಿಗೆ 60 ಸೆಂಟಿಮೀಟರ್. ಕೆಲಸ ನಿಧಾನ, ಆಳು ಹೆಚ್ಚು. ಆದರೂ ಗಡಿಗೆ ಒತ್ತಿದ ಅಗೆತಕ್ಕೆ ನಾವು ಧೈರ್ಯವಾಗಿ ಹೇಳುವ ವಿಧಾನ ಇದೊಂದೇ.

ಪಕ್ಕದಲ್ಲಿ ಬರೀ ಮಣ್ಣಲ್ಲದೆ ಮನೆಯೋ ಕಾಂಪೌಂಡೋ ಇದ್ದರೆ ಇನ್ನೊಂದು ಗೆರೆ ಎಳೆಯಿರಿ. ಅವರ ಪಾಯದ ಕೆಳ ಅಂಚಿನಿಂದ ನಮ್ಮ ಕಡೆಗೆ 45 ಡಿಗ್ರಿಯಲ್ಲಿ ಕೆಳಗಿಳಿಯುವ ಗೆರೆ. ಅವರ ಪಾಯ ನೆಲದಿಂದ 0.9 ಮೀಟರ್ ಆಳದಲ್ಲಿದ್ದು ನಮ್ಮ ಅಗೆತಕ್ಕೆ 1.5 ಮೀಟರ್ ದೂರವಿದ್ದರೆ, ನಮ್ಮ ಹೊಂಡದ ಜಾಗದಲ್ಲಿ ಆ ಗೆರೆ 2.4 ಮೀಟರ್ ಆಳದಲ್ಲಿರುತ್ತದೆ. ನಮ್ಮದು 2.1, ಗೆರೆಗಿಂತ ಮೇಲೆಯೇ ಇದ್ದೇವೆ, ಸರಿ. ಗೆರೆ ದಾಟಿದರೆ ಅವರ ಮನೆಯ ಭಾರ ನಮ್ಮ ಹೊಂಡದತ್ತ ಬರುತ್ತದೆ, ಆಗ ಸ್ಟ್ರಕ್ಚರಲ್ ಎಂಜಿನಿಯರರ ಲೆಕ್ಕವಿಲ್ಲದೆ ಗುದ್ದಲಿ ಹಾಕಬಾರದು. ಪಕ್ಕದ ನೆಲಕ್ಕೆ ಸಹಜವಾಗಿ ಸಿಗುತ್ತಿದ್ದ ಆಸರೆಯನ್ನು ತೆಗೆಯುವಂತಿಲ್ಲ ಎಂದು ಹಲವು ದೇಶಗಳ ಕಾನೂನೇ ಹೇಳುತ್ತದೆ. ಶುರು ಮಾಡುವ ಮುನ್ನ ಅವರ ಗೋಡೆಯಲ್ಲಿ ಆಗಲೇ ಇರುವ ಬಿರುಕುಗಳ ಫೋಟೋವನ್ನು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ದಿನಾಂಕ ಸಮೇತ, ಅವರ ಎದುರಲ್ಲೇ ತೆಗೆದಿಡಿ. ಇದು ಇಬ್ಬರಿಗೂ ಒಳ್ಳೆಯದು.

ಗೋಡೆ ಯಾವ ಕಡೆಗೆ ಕಾಲು ಚಾಚಬೇಕು

ಗೋಡೆಯ ಮೇಲೆ ಮಣ್ಣಿನ ಒಟ್ಟು ತಳ್ಳು ಎತ್ತರದ ಜೊತೆ ನೇರವಾಗಿ ಏರುವುದಿಲ್ಲ. ನೀರು ಬಸಿದುಹೋಗುವ ಸಾಧಾರಣ ಮರಳುಮಣ್ಣಿಗೆ, 1 ಮೀಟರ್ ಎತ್ತರದ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 300 ಕಿಲೋ ತಳ್ಳಿದರೆ, 2 ಮೀಟರಿಗೆ 1,200 ಕಿಲೋ, 3 ಮೀಟರಿಗೆ 2,700 ಕಿಲೋ. ಬುಡದಲ್ಲಿ ಗೋಡೆಯನ್ನು ಮಗುಚುವ ಬಲವಂತೂ 1, 8, 27 ಎಂದು ಏರುತ್ತದೆ. ‘ಮೊನ್ನೆ ಒಂದು ಮೀಟರಿಗೆ ಕಟ್ಟಿದ್ದೆವು, ಇದು ಎರಡು ಮೀಟರ್, ಸ್ವಲ್ಪ ದಪ್ಪ ಮಾಡಿದರಾಯಿತು’ ಅನ್ನುವ ಮಾತು ಬಿದ್ದುಹೋಗುವುದು ಈ 8ರ ಹತ್ತಿರ. ಗಡಿಯಾಚೆ ಅಂಚಿನಲ್ಲೇ ಪಕ್ಕದವರು ಕಾರು ನಿಲ್ಲಿಸುವುದಾದರೆ ಅದರ ಭಾರವನ್ನೂ ಸೇರಿಸಬೇಕು.

ಇಟ್ಟಿಗೆಯ ಅಥವಾ ಟೊಳ್ಳು ಬ್ಲಾಕಿನ ಸಾದಾ ಗೋಡೆ ಈ ಕೆಲಸಕ್ಕೆ ಒದಗುವುದಿಲ್ಲ. ಕಂಬಿ ಹಾಕಿದ ಕಾಂಕ್ರೀಟು ತಡೆಗೋಡೆಗೆ ಬುಡದಲ್ಲಿ ಅಡ್ಡಲಾಗಿ ಚಾಚಿದ ಪಾದ ಇರುತ್ತದೆ, ಅಗಲ ಸಾಮಾನ್ಯವಾಗಿ ಎತ್ತರದ ಅರ್ಧದಿಂದ ಮುಕ್ಕಾಲು ಪಾಲು. ಗಡಿಯ ತೊಡಕು ಇರುವುದೇ ಈ ಪಾದದಲ್ಲಿ. ಅದು ಗಡಿ ದಾಟುವಂತಿಲ್ಲ.

ನಮ್ಮ ನೆಲ ಮೇಲಿದ್ದು ಪಕ್ಕದವರದು ಕೆಳಗಿದ್ದರೆ ಅನುಕೂಲ. ಪಾದವನ್ನು ನಮ್ಮ ಕಡೆಗೇ ಚಾಚಿದರೆ ನಾವು ತುಂಬಿದ ಮಣ್ಣೇ ಅದರ ಮೇಲೆ ಕೂತು ಗೋಡೆಯನ್ನು ಹಿಡಿದಿಡುತ್ತದೆ. ನಮ್ಮ ನೆಲ ಕೆಳಗಿದ್ದರೆ ತದ್ವಿರುದ್ಧ: ಮಣ್ಣು ಗಡಿಯಾಚೆ, ಪಾದ ಗ್ಯಾರೇಜಿನ ನೆಲದಡಿಗೆ. ಪಾದದ ಮೇಲೆ ಮಣ್ಣಿನ ತೂಕ ಇಲ್ಲ. ಆದ್ದರಿಂದ ಪಾದ ಇನ್ನೂ ಅಗಲ, ದಪ್ಪ ಬೇಕು, ಜಾರದಂತೆ ಅಡಿಯಲ್ಲಿ ಮಣ್ಣಿಗೆ ಇಳಿದು ಕಚ್ಚುವ ಕಾಂಕ್ರೀಟಿನ ಹಲ್ಲು ಬೇಕು. ಗ್ಯಾರೇಜಿನ ನೆಲದ ಕಾಂಕ್ರೀಟನ್ನೇ ಎದುರು ಗೋಡೆಯವರೆಗೆ ಒತ್ತುಗಂಬದಂತೆ ಬಳಸಿಕೊಂಡರೆ ಜಾರುವ ಭಯ ಬಹಳ ತಗ್ಗುತ್ತದೆ, ಆದರೆ ಆ ನೆಲ ಹಾಕುವ ಮುನ್ನ ಗೋಡೆಯ ಹಿಂದೆ ಮಣ್ಣು ತುಂಬಬಾರದು. ಈ ಕ್ರಮ ತಪ್ಪಿ, ಎಲ್ಲ ಸರಿಯಿದ್ದೂ ಗೋಡೆ ಮುಂದಕ್ಕೆ ವಾಲಿದ್ದುಂಟು.

ಗೋಡೆಯನ್ನು ಗಡಿಗೆ ಅಂಟಿಸಿಯೇ ಕಟ್ಟಲು ಅನುಮತಿ ಸಿಕ್ಕಿತೆಂದು ಹಿಗ್ಗಬೇಡಿ. ಅದರ ಹೊರಮುಖಕ್ಕೆ ಗಾರೆ ಹಾಕಲು, ನೀರು ತಡೆಯುವ ಲೇಪ ಬಳಿಯಲು, ಮುಂದೆ ರಿಪೇರಿ ಮಾಡಲು ಕೈ ಹೋಗುವುದಿಲ್ಲ. ಮಣ್ಣಿನ ಕಡೆಯಿಂದ ತೇವ ಬಂದೇ ಬರುತ್ತದೆ ಎಂದುಕೊಂಡು ಒಳಗೆ 5 ಸೆಂಟಿಮೀಟರ್ ಸಂದು ಬಿಟ್ಟು ಇನ್ನೊಂದು ತೆಳು ಗೋಡೆ ಕಟ್ಟಿ, ಸಂದಿನ ಬುಡದಲ್ಲಿ ಸಣ್ಣ ಕಾಲುವೆ ಇಡುವುದು ಉತ್ತಮ. ಹಾಗೆ ಕಳೆದುಕೊಳ್ಳುವ ಅಗಲವನ್ನು ಪ್ಲಾನಿನಲ್ಲಿ ಮೊದಲೇ ಕಳೆದಿಡಿ.

ಇಳಿಜಾರಿನ ಉದ್ದಕ್ಕೆ ಸಾಗುವ ಪಾಯವನ್ನು ಓರೆಯಾಗಿ ಹಾಕಬಾರದು. ಮಟ್ಟಸವಾದ ಮೆಟ್ಟಿಲುಗಳಾಗಿ ಇಳಿಸಬೇಕು. ಮೆಟ್ಟಿಲಿನ ಎತ್ತರ ಪಾಯದ ದಪ್ಪವನ್ನು ಮೀರಬಾರದು. ಮೇಲಿನ ತುಂಡು ಕೆಳಗಿನದರ ಮೇಲೆ ಮೆಟ್ಟಿಲಿನ ಎತ್ತರದ ಎರಡರಷ್ಟಾದರೂ, ಕಡಿಮೆಯೆಂದರೆ 30 ಸೆಂಟಿಮೀಟರ್, ಹೊದ್ದಿರಬೇಕು. ತಗ್ಗಿನ ಕಡೆ ಪಾಯದ ಕೆಳ ಅಂಚಿನಿಂದ ಇಳಿಜಾರಿನ ಮೈವರೆಗೆ ಮಟ್ಟದಲ್ಲಿ 90 ಸೆಂಟಿಮೀಟರ್ ಗಟ್ಟಿ ಮಣ್ಣು ಉಳಿದಿರಬೇಕು. ಬಂಡೆಯಾದರೆ 60 ಸಾಕು.

ನೀರು

2 ಮೀಟರ್ ಗೋಡೆಗೆ 1,200 ಕಿಲೋ ಅಂದೆವಲ್ಲ, ಹಿಂದಿನ ಮಣ್ಣಿನಲ್ಲಿ ತುದಿಯವರೆಗೆ ನೀರು ನಿಂತರೆ ಅದು ಸುಮಾರು 2,600 ಆಗುತ್ತದೆ. ತಡೆಗೋಡೆಗಳು ಮಳೆಗಾಲದಲ್ಲೇ ಬೀಳುವುದು ಏಕೆಂದು ಈ ಎರಡು ಅಂಕೆಗಳೇ ಹೇಳುತ್ತವೆ.

ಆದ್ದರಿಂದ ಗೋಡೆಯ ಬೆನ್ನಿಗೆ 30 ಸೆಂಟಿಮೀಟರ್ ದಪ್ಪಕ್ಕೆ ಬರೀ ಜಲ್ಲಿ. ಜಲ್ಲಿಗೂ ಮಣ್ಣಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅಂದರೆ ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ. ಬುಡದಲ್ಲಿ 100 ಮಿಲಿಮೀಟರಿನ ತೂತುಪೈಪು, 100ಕ್ಕೆ 1ರ ಓಟದಲ್ಲಿ, ತೂತುಗಳು ಕೆಳಮುಖವಾಗಿ. ಮೇಲ್ತುದಿಯಲ್ಲಿ ಪೈಪನ್ನು ನೆಲದ ಮಟ್ಟಕ್ಕೆ ಎತ್ತಿ ಮುಚ್ಚಳ ಹಾಕಿ, ಹೂಳು ಕಟ್ಟಿದರೆ ನೀರು ಬಿಟ್ಟು ತೊಳೆಯಬಹುದು. ಬಟ್ಟೆ ಬಿಟ್ಟರೆ ಎರಡು-ಮೂರು ಮಳೆಗಾಲದಲ್ಲಿ ಜಲ್ಲಿಯ ಸಂದಿಗೆಲ್ಲ ನುಣ್ಣನೆಯ ಮಣ್ಣು ಸೇರಿ ಎಲ್ಲ ಕಟ್ಟಿಕೊಳ್ಳುತ್ತದೆ. ಗೋಡೆಯಲ್ಲಿ ಒಂದೂವರೆ ಮೀಟರಿಗೊಂದು ನೀರು ಬಸಿಯುವ ತೂತು ಇಡುವುದು ರೂಢಿ. ಆದರೆ ಗೋಡೆಯ ಮುಖ ಪಕ್ಕದವರ ಕಡೆಗಿದ್ದರೆ ಆ ತೂತುಗಳ ನೀರು ಅವರ ಅಂಗಳಕ್ಕೆ ಬೀಳುತ್ತದೆ. ಅಲ್ಲಿ ತೂತು ಬೇಡ, ಬುಡದ ಪೈಪನ್ನೇ ದೊಡ್ಡದು ಮಾಡಿ ನಮ್ಮ ಜಾಗದೊಳಗೇ ನೀರನ್ನು ಹೊರತನ್ನಿ. ಧರೆಯ ಮೇಲ್ಭಾಗ ನಮ್ಮದೇ ಆಗಿದ್ದರೆ ಅಲ್ಲೊಂದು ಬಸಿಗಾಲುವೆ ತೋಡಿ ಹರಿದು ಬರುವ ನೀರನ್ನು ಗೋಡೆಗೆ ಮುಟ್ಟುವ ಮೊದಲೇ ತಿರುಗಿಸಬೇಕು. ಚಾವಣಿಯ ಇಳುಕಲು ಗಡಿಗೆ ಬೆನ್ನು ಹಾಕಿರಲಿ. ಆಗ ನೀರಿನ ದೋಣಿಯೂ ಪೈಪೂ ನಮ್ಮ ಕಡೆ ಬರುತ್ತವೆ.

ರಸ್ತೆ ಮೇಲೆ, ಗ್ಯಾರೇಜು ಕೆಳಗೆ ಇದ್ದರೆ ದಾರಿಯ ನೀರೆಲ್ಲ ಶಟರಿನತ್ತ ಬರುತ್ತದೆ. 3 ಮೀಟರ್ ಅಗಲ, 8.5 ಮೀಟರ್ ಉದ್ದದ ದಾರಿಗೆ ಗಂಟೆಗೆ 100 ಮಿಲಿಮೀಟರಿನ ಜಡಿಮಳೆಯಲ್ಲಿ ನಿಮಿಷಕ್ಕೆ 42 ಲೀಟರಿನಷ್ಟು. 32 ಚದರ ಮೀಟರಿನ ಚಾವಣಿಯದು 53 ಲೀಟರ್. ಎರಡೂ ಸೇರಿ ಎರಡು ನಿಮಿಷಕ್ಕೆ ಒಂದು ಡ್ರಮ್ಮು ತುಂಬುತ್ತದೆ. ರಸ್ತೆಯ ನೀರೂ ಇದಕ್ಕೆ ಸೇರದಂತೆ ಗೇಟಿನ ಹತ್ತಿರ ದಾರಿಯನ್ನು 8-10 ಸೆಂಟಿಮೀಟರ್ ಉಬ್ಬಿಸಿ ಆಮೇಲೆ ಇಳಿಸಬೇಕು. ಶಟರಿನ ಮುಂದೆ ಅಗಲಕ್ಕೂ ಜಾಲರಿ ಮುಚ್ಚಿದ ಕಾಲುವೆ, ಅದರಿಂದ ಒಳಗಿನ ನೆಲಕ್ಕೆ 2 ಸೆಂಟಿಮೀಟರ್ ಏರು. ಆ ಕಾಲುವೆಯ ನೀರು ತಾನಾಗಿ ಹರಿದುಹೋಗುವಂತೆ ನೆಲದ ಮಟ್ಟವನ್ನು ಗೊತ್ತುಮಾಡಿ. ಪಂಪು ಇಟ್ಟರಾಯಿತು ಎನ್ನುವವರಿದ್ದಾರೆ. ಗುಡುಗು ಮಳೆಯಲ್ಲಿ ಮೊದಲು ಹೋಗುವುದು ಕರೆಂಟು, ಪಂಪು ಬೇಕಾಗುವುದೂ ಆಗಲೇ. ಇಂಗುಗುಂಡಿಯನ್ನು ತಡೆಗೋಡೆಯಿಂದ 5 ಮೀಟರಾದರೂ ದೂರ, ತಗ್ಗಿನ ಕಡೆ ಇಡಿ. ಬಸಿದು ತೆಗೆದ ನೀರನ್ನು ಮತ್ತೆ ಗೋಡೆಯ ಹಿಂದಕ್ಕೇ ಬಿಟ್ಟರೇನು ಬಂತು?

ಕಾರಿನ ಹೊಟ್ಟೆ

ದಾರಿಯ ಏರು 8ಕ್ಕೆ 1 ಇದ್ದರೆ ಸುಖ, 6ಕ್ಕೆ 1 ಪರವಾಗಿಲ್ಲ, 5ಕ್ಕೆ 1 ಕಡಿದು. 4ಕ್ಕೆ 1 ಅಂದರೆ ಮಳೆಯಲ್ಲಿ ಚಕ್ರ ಜಾರುತ್ತದೆ. ಆದರೆ ಕಾರು ತಗಲುವುದು ಏರಿನಲ್ಲಲ್ಲ, ಏರು ಮುರಿಯುವ ಜಾಗದಲ್ಲಿ. ಮುಂದಿನ ಹಿಂದಿನ ಚಕ್ರಗಳ ನಡುವೆ 2.5 ಮೀಟರ್, ನಡುವೆ ಹೊಟ್ಟೆಯ ಕೆಳಗೆ 165 ಮಿಲಿಮೀಟರ್ ಇರುವ ಕಾರು 15 ಡಿಗ್ರಿಯ ಮುರಿತವನ್ನು ದಾಟುತ್ತದೆ. 4ಕ್ಕೆ 1 ಅಂದರೆ 14 ಡಿಗ್ರಿ. ಖಾಲಿ ಕಾರು ಹೇಗೋ ಪಾರು. ನಾಲ್ಕು ಜನ ಕೂತು ಸ್ಪ್ರಿಂಗು ಕುಗ್ಗಿ 130 ಮಿಲಿಮೀಟರಿಗೆ ಇಳಿದರೆ ಅದೇ ಕಾರಿನ ಮಿತಿ 12 ಡಿಗ್ರಿಗಿಂತ ಕಡಿಮೆ. ಹೊಟ್ಟೆ ಕೆರೆಯುತ್ತದೆ.

ಪರಿಹಾರ ಸುಲಭ: ಮುರಿತದ ಜಾಗದಲ್ಲಿ ಎರಡೂವರೆ ಮೀಟರ್ ಉದ್ದಕ್ಕೆ ಅರ್ಧ ಏರಿನ ತುಂಡು. ಆದರೆ ಅದು ಉದ್ದವನ್ನು ತಿನ್ನುತ್ತದೆ. 1.2 ಮೀಟರ್ ಏರಲು 5ಕ್ಕೆ 1ರಂತೆ ನೇರ ಹೋದರೆ 6 ಮೀಟರ್ ಸಾಕು. ಎರಡೂ ತುದಿಗೆ 10ಕ್ಕೆ 1ರ ತುಂಡು ಸೇರಿಸಿದರೆ 8.5 ಮೀಟರ್. ಗ್ಯಾರೇಜು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವಾಗ ಲೆಕ್ಕಕ್ಕೆ ಬೇಕಾದ್ದು ಈ 8.5. ಇಳಿದು ಒಳಹೋಗುವ ಗ್ಯಾರೇಜಾದರೆ ಶಟರಿನ ಕಂಡಿ 2.3 ಮೀಟರ್ ಎತ್ತರವಿರಲಿ: ಮೂತಿ ಒಳಗೆ ಹೋದರೂ ಹಿಂಬದಿ ಇನ್ನೂ ಏರಿನ ಮೇಲಿರುತ್ತದೆ. ಗೇಟು ಸರಿಯುವಂಥದ್ದಾಗಲಿ, ಏರಿನ ಕಡೆಗೆ ತೆರೆಯುವ ಗೇಟು ನೆಲಕ್ಕೆ ಸಿಕ್ಕಿಕೊಳ್ಳುತ್ತದೆ.

ತುಂಬಿದ ಮಣ್ಣು, ಮತ್ತು ಕೆಲಸದ ಸರದಿ

ಮೇಲೆ ಕಡಿದ ಮಣ್ಣನ್ನು ಕೆಳಗೆ ತುಂಬಿ ಅದರ ಮೇಲೆ ನೆಲ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. 15-20 ಸೆಂಟಿಮೀಟರಿನ ಪದರಗಳಲ್ಲಿ ಹರಡಿ, ಹದವಾಗಿ ನೀರು ಚಿಮುಕಿಸಿ, ಯಂತ್ರದಿಂದ ದಮ್ಮಸು ಹೊಡೆದರೆ ಮಾತ್ರ ಅದು ನಿಲ್ಲುತ್ತದೆ. ಹದ ನೋಡಲು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ: ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. ತುಂಬು 60 ಸೆಂಟಿಮೀಟರ್ ದಾಟಿದ ಕಡೆ ಮಣ್ಣನ್ನು ನಂಬದೆ, ಗೋಡೆಯಿಂದ ಗೋಡೆಗೆ ತೂಗುವ ಸ್ಲ್ಯಾಬು ಹಾಕಿ. ಅರ್ಧ ಕಡಿದ ನೆಲ, ಅರ್ಧ ತುಂಬಿದ ನೆಲದ ಮೇಲೆ ಒಂದೇ ಹಾಳೆಯಂತೆ ಕಾಂಕ್ರೀಟು ಹಾಸಿದರೆ ಸರಿಯಾಗಿ ಎರಡೂ ಕೂಡುವ ಗೆರೆಯಲ್ಲಿ ಬಿರಿಯುತ್ತದೆ. ಬೇಕಾದರೆ ಅಲ್ಲೇ ಜಾಯಿಂಟು ಕೊಟ್ಟುಬಿಡಿ.

ಅಗೆದ ಮಣ್ಣು ಕಾಲು ಪಾಲು ಉಬ್ಬುತ್ತದೆ. 26 ಘನ ಮೀಟರ್ ಅಗೆದರೆ 32-33 ಘನ ಮೀಟರ್ ಗುಡ್ಡೆ. ಅದನ್ನು ಧರೆಯ ಅಂಚಿನಲ್ಲೋ ಪಕ್ಕದವರ ಕಾಂಪೌಂಡಿಗೆ ಒರಗಿಸಿಯೋ ಹಾಕಬಾರದು; ಹಾಕುವ ಜಾಗ ಮೊದಲೇ ಗೊತ್ತಾಗಿರಲಿ. ಅಗೆತವನ್ನು ಒಣಕಾಲದಲ್ಲಿ ಮುಗಿಸಿ. ಕಂಬಿ, ಹಲಗೆ, ಜಲ್ಲಿ ಎಲ್ಲ ಬಂದು ಬಿದ್ದ ಮೇಲೆಯೇ ಧರೆ ಕಡಿಯಿರಿ. ತೆರೆದಿಟ್ಟ ಪ್ರತಿ ದಿನವೂ ಅಪಾಯದ ದಿನ. ರಾತ್ರಿ ಮುಚ್ಚಲು ಟಾರ್ಪಾಲು ಅಲ್ಲೇ ಇರಲಿ.

ಮೊದಲ ಜೋರು ಮಳೆ ನಿಂತ ಮೇಲೆ ಹೋಗಿ ಬುಡದ ಪೈಪಿನ ಬಾಯಿ ನೋಡಿ. ಒಂದು ಗಾಜಿನ ಲೋಟದಲ್ಲಿ ಆ ನೀರು ಹಿಡಿದು ಅರ್ಧ ಗಂಟೆ ಇಡಿ. ಮೊದಲ ಒಂದೆರಡು ಮಳೆಗೆ ಸ್ವಲ್ಪ ಕದಡಿದ್ದರೆ ಚಿಂತೆಯಿಲ್ಲ. ಆಮೇಲೂ ತಳದಲ್ಲಿ ಮಣ್ಣು ಕೂರುತ್ತಿದ್ದರೆ ಬಟ್ಟೆ ಎಲ್ಲೋ ಹರಿದಿದೆ, ಗೋಡೆಯ ಹಿಂದೆ ಪೊಳ್ಳು ಬೆಳೆಯುತ್ತಿದೆ. ನೀರೇ ಬರುತ್ತಿಲ್ಲವಾದರೆ ಪೈಪು ಕಟ್ಟಿರಬಹುದು. ಮುಂದಿನ ಮಳೆಗೆ ಮುಂಚೆ ಮೇಲ್ತುದಿಯ ಮುಚ್ಚಳ ತೆಗೆದು ನೀರು ಹಾಯಿಸಿ.